ಇಬಿ ಗ್ಯಾರಮಂಡ್ ಇಟಾಲಿಕ್ ಮಾಡಿದರೆ ಸುಮ್ನೆ ವಾಲುತ್ತದೆ, ಚೆಂದ ಬರುತ್ತಿಲ್ಲ (ಲಿಬ್ರೆಆಫೀಸ್)

ಕಡಲತಡಿ:
ಎಲ್ಲರಿಗೂ ನಮಸ್ಕಾರ. ಲಿಬ್ರೆಆಫೀಸ್ ಅನ್ನುವ ತಂತ್ರಾಂಶದಲ್ಲಿ ಅಜ್ಜನ ಕವನಗಳನ್ನು 48 ಪುಟದ ಪುಸ್ತಕ ಮಾಡುತ್ತಿದ್ದೇನೆ. ಎಡಕ್ಕೆ ಕನ್ನಡ, ಬಲಕ್ಕೆ ಅಕ್ಕ ಮಾಡಿದ ಇಂಗ್ಲಿಷ್ ಅನುವಾದ. ಇಂಗ್ಲಿಷಿಗೆ ಇಬಿ ಗ್ಯಾರಮಂಡ್ ಫಾಂಟ್, ಕನ್ನಡಕ್ಕೆ ನೋಟೊ ಸೆರಿಫ್ ಕನ್ನಡ. ಕವನದ ಹೆಸರುಗಳನ್ನು ಕಂಟ್ರೋಲ್ ಐ ಒತ್ತಿ ಇಟಾಲಿಕ್ ಮಾಡಿದೆ. ಗಾಳಿಗೆ ವಾಲಿದ ಬೇಲಿ ಥರ ಕಾಣುತ್ತದೆ. ಕನ್ನಡದಲ್ಲಂತೂ ಒತ್ತಕ್ಷರಗಳು ಎಡಕ್ಕೆ ಜಾರಿದ ಹಾಗಿದೆ. ಫಾಂಟೇ ಕೆಟ್ಟಿದೆಯಾ?

ಅಚ್ಚುಮೊಳೆ:
ಫಾಂಟ್ ಕೆಟ್ಟಿಲ್ಲ. ಇಂಗ್ಲಿಷಿನ ಸಣ್ಣ ಎ ದೊಡ್ಡದು ಮಾಡಿ ನೋಡಿ. ಹೊಟ್ಟೆಯ ಮೇಲೆ ಕೊಕ್ಕೆ ಬಾಗಿದೆಯಾ, ಅಥವಾ ಕೈಬರಹದ ಹಾಗೆ ಒಂದೇ ಹೊಟ್ಟೆಯಾ? ಸಣ್ಣ ಎಫ್‌ನ ಬಾಲ ಗೆರೆಯಿಂದ ಕೆಳಗೆ ಇಳಿದಿದೆಯಾ?

ಕಡಲತಡಿ:
ಕೊಕ್ಕೆ ಇದೆ. ಎಫ್ ಗೆರೆಯ ಮೇಲೇ ನಿಂತಿದೆ.

ಅಚ್ಚುಮೊಳೆ:
ಹಾಗಾದರೆ ಅದು ಇಟಾಲಿಕ್ ಅಲ್ಲ. ಇಟಾಲಿಕ್ ಫೈಲ್ ಸಿಗದೆ ಲಿಬ್ರೆಆಫೀಸ್ ನೇರ ಅಕ್ಷರವನ್ನೇ ಓರೆ ಮಾಡಿದೆ.

ಇಟಾಲಿಕ್ ಹುಟ್ಟಿದ್ದೇ ಬೇರೆ ಅಕ್ಷರವಾಗಿ, ಕೈಬರಹದಿಂದ. 1501ರಲ್ಲಿ ವೆನಿಸ್‌ನಲ್ಲಿ ಆಲ್ಡಸ್ ಮನೂಶಿಯಸ್ ಅನ್ನುವ ಮುದ್ರಕ ಲ್ಯಾಟಿನ್ ಕವಿ ವರ್ಜಿಲ್‌ನ ಪುಸ್ತಕವನ್ನು ಪೂರ್ತಿ ಇಟಾಲಿಕ್‌ನಲ್ಲೇ ಅಚ್ಚು ಹಾಕಿದ, ಅದರ ಅಕ್ಷರ ಕೊರೆದವನು ಫ್ರಾಂಚೆಸ್ಕೊ ಗ್ರಿಫೊ. ನಿಮ್ಮ ಫಾಂಟಿನ ಕಥೆ ನನಗೆ ಇನ್ನೂ ಇಷ್ಟ. ಎಗೆನೋಲ್ಫ್-ಬರ್ನರ್ ಅಚ್ಚುಮನೆಯ 1592ರ ಮಾದರಿ ಹಾಳೆಯಿಂದ ಅದನ್ನು ತೆಗೆದಿದ್ದಾರೆ, ಇಬಿ ಅನ್ನುವುದೂ ಆ ಹೆಸರೇ. ಆ ಹಾಳೆಯಲ್ಲಿ ನೇರ ಅಕ್ಷರ ಕ್ಲೋಡ್ ಗ್ಯಾರಮಂಡ್‌ನದು, ಇಟಾಲಿಕ್ ರಾಬರ್ಟ್ ಗ್ರಾಂಜಾನ್‌ನದು. ಇಬ್ಬರ ಕೈ ಬೇರೆ. ಒಬ್ಬನ ಅಕ್ಷರವನ್ನು ಎಷ್ಟು ವಾಲಿಸಿದರೂ ಇನ್ನೊಬ್ಬನ ಅಕ್ಷರ ಬರುವುದಿಲ್ಲ ಅಲ್ವಾ!

ಈಗ ಹೀಗೆ ಮಾಡಿ. ಗೂಗಲ್ ಫಾಂಟ್ಸ್‌ನಿಂದ ಇಳಿಸಿದ ಜಿಪ್ ಬಿಚ್ಚಿ, ಸ್ಟ್ಯಾಟಿಕ್ ಫೋಲ್ಡರಿನಲ್ಲಿ ಇಟಾಲಿಕ್ ಅಂತ ಹೆಸರಿರುವ ಫೈಲನ್ನೂ ಇನ್‌ಸ್ಟಾಲ್ ಮಾಡಿ. ಲಿಬ್ರೆಆಫೀಸ್ ಪೂರ್ತಿ ಮುಚ್ಚಿ ತೆರೆಯಿರಿ.

ಕನ್ನಡವನ್ನು ಮಾತ್ರ ವಾಲಿಸಬೇಡಿ. ನೋಟೊ ಸೆರಿಫ್ ಕನ್ನಡಕ್ಕೆ ಇಟಾಲಿಕ್ ಇಲ್ಲ. ಓರೆ ಮಾಡಿದಾಗ ಗೆರೆಯ ಮೇಲಿನದು ಬಲಕ್ಕೆ, ಕೆಳಗಿನದು ಎಡಕ್ಕೆ ಹೋಗುತ್ತದೆ, ಒತ್ತಕ್ಷರ ಜಾರಿದ್ದು ಅದಕ್ಕೇ. ಫಾರ್ಮ್ಯಾಟ್ ಮೆನುವಿನ ಕ್ಯಾರೆಕ್ಟರ್‌ಗೆ ಹೋದರೆ ಇಂಗ್ಲಿಷಿಗೂ ಕನ್ನಡಕ್ಕೂ ಬೇರೆ ಬೇರೆ ಜಾಗ ಇದೆ. ಕನ್ನಡದ್ದು ಸಿಟಿಎಲ್ (ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್) ಅಥವಾ ಕಾಂಪ್ಲೆಕ್ಸ್ ಅಂತ ಇರುತ್ತದೆ, ಅಲ್ಲಿ ರೆಗ್ಯುಲರ್ ಇಡಿ. ಕವನದ ಹೆಸರು ಎದ್ದು ಕಾಣಬೇಕಾದರೆ ಬೋಲ್ಡ್ ಮಾಡಿ, ಇಲ್ಲವೇ ಸೈಜ್ ಒಂದೆರಡು ಪಾಯಿಂಟ್ ಜಾಸ್ತಿ ಮಾಡಿ.

ಕಡಲತಡಿ:
ಬಂತು! ಎಫ್‌ನ ಬಾಲ ಎಷ್ಟು ಚೆನ್ನಾಗಿದೆ. ಆದರೆ ಒಂದು ಕಡೆ ಪದ ಎಫ್‌ನಲ್ಲಿ ಮುಗಿದು, ಅದರ ತಲೆ ಪಕ್ಕದ ಬ್ರ್ಯಾಕೆಟ್ಟಿಗೆ ತಾಗುತ್ತಿದೆ. ಇನ್ನೊಂದು, ಇಂಗ್ಲಿಷ್ ಕವನಗಳನ್ನೂ ಪೂರ್ತಿ ಇಟಾಲಿಕ್ ಮಾಡಲಾ ಅಂತ ಆಸೆ.

ಅಚ್ಚುಮೊಳೆ:
ವಾಲಿದ ಅಕ್ಷರದ ಪಕ್ಕ ನೇರ ಬ್ರ್ಯಾಕೆಟ್ ಬಂದರೆ ಹಾಗಾಗುತ್ತದೆ. ಎರಡರ ನಡುವೆ ಯು+200ಎ ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿ (ಯು+ ಬಿಟ್ಟರೆ ಹಿಂದಿನ ಎಫ್ ಕೂಡ ಸಂಖ್ಯೆಗೆ ಸೇರಿಬಿಡುತ್ತದೆ), ಆಲ್ಟ್ ಎಕ್ಸ್ ಒತ್ತಿ. ಕೂದಲೆಳೆಯಷ್ಟು ಜಾಗ ಬೀಳುತ್ತದೆ. ಕವನಗಳನ್ನು ನೇರವಾಗಿಯೇ ಬಿಡಿ. ಎಲ್ಲವೂ ಇಟಾಲಿಕ್ ಆದರೆ ಅಕ್ಕ ಒತ್ತಿ ಹೇಳಬೇಕೆಂದ ಪದ ಎದ್ದು ಕಾಣುವುದೇ ಇಲ್ಲ.

ಪ್ರೆಸ್ಸಿಗೆ ಕಳಿಸುವ ಮೊದಲು ಪಿಡಿಎಫ್‌ನ ಪ್ರಾಪರ್ಟೀಸ್‌ನಲ್ಲಿ ಫಾಂಟ್ ಪಟ್ಟಿ ನೋಡಿ. ಇಬಿ ಗ್ಯಾರಮಂಡ್ ಇಟಾಲಿಕ್ ಅಂತ ಬೇರೆ ಸಾಲು ಇರಲೇಬೇಕು.

ಕಡಲತಡಿ:
ಇದೆ. ಕನ್ನಡದ ಹೆಸರುಗಳನ್ನು ಬೋಲ್ಡ್ ಮಾಡಿದೆ. ಅಕ್ಕನಿಗೂ ತೋರಿಸಿದೆ, ನಾಳೆ ಕಳಿಸುತ್ತೇನೆ. ತುಂಬಾ ಥ್ಯಾಂಕ್ಸ್.