ಅಪ್‌ಡೇಟ್: ಅಪ್ಪಯ್ಯನ ಹಿಮೋಗ್ಲೋಬಿನ್ ಏರಿದ್ದರ ಕಾರಣ

ಅಪ್ಪಯ್ಯನ ರಕ್ತಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 17.8, ಬಿಳಿ ರಕ್ತಕಣಗಳು 12,100 ಎಂದು ಎರಡೂ ಹೆಚ್ಚಾಗಿ ಬಂದಿದ್ದನ್ನು ತಿಳಿಸಿ, ಇದು ರಕ್ತದ ಕಾಯಿಲೆಯೇ ಎಂದು ಎರಡು ತಿಂಗಳ ಹಿಂದೆ ಇಲ್ಲಿ ಕೇಳಿದ್ದೆ. ಅವರು ದಿನಕ್ಕೊಂದು ಕಟ್ಟು ಬೀಡಿ ಸೇದುತ್ತಿದ್ದುದನ್ನು ಮಾತ್ರ ಬರೆದಿರಲಿಲ್ಲ. ಅದು ನನ್ನದೇ ತಪ್ಪು.

ಶಿರಸಿಯ ವೈದ್ಯರು ಮೊದಲು ಕೇಳಿದ್ದೇ ಅದನ್ನು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಮೋಗ್ಲೋಬಿನ್ನಿಗೆ ಅಂಟಿಕೊಳ್ಳುವುದರಿಂದ, ರಕ್ತ ಹೊರುವ ಆಮ್ಲಜನಕ ಕಡಿಮೆಯಾಗಿ, ಆ ಕೊರತೆಯನ್ನು ತುಂಬಲು ದೇಹವು ಹೆಚ್ಚು ಕೆಂಪು ಕಣಗಳನ್ನು ತಯಾರಿಸುತ್ತದೆ ಎಂದೂ, ಹೊಗೆಯಿಂದಾಗುವ ಉರಿಯೂತದಿಂದ ಬಿಳಿ ಕಣಗಳು ಏರುತ್ತವೆ ಎಂದೂ ಅವರು ವಿವರಿಸಿದರು. ಸೇದುವವರಲ್ಲಿ ರಕ್ತಹೀನತೆಯಿದ್ದರೂ ಅಂಕಿ ಸರಿಯಾಗಿಯೇ ಕಾಣಬಹುದಂತೆ. ರಕ್ತದ ಆಮ್ಲಜನಕ ಅಳೆಯುವ ಮನೆಯ ಆಕ್ಸಿಮೀಟರ್ ಶೇ. 97 ತೋರಿಸಿದ್ದಕ್ಕೆ ನಾವು ನಿಶ್ಚಿಂತರಾಗಿದ್ದೆವು. ಆದರೆ ಬೆರಳಿಗೆ ಸಿಕ್ಕಿಸುವ ಆ ಸಾಮಾನ್ಯ ಯಂತ್ರಕ್ಕೆ ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ನಿಗೂ ಕಾರ್ಬನ್ ಮಾನಾಕ್ಸೈಡ್ ಹೊತ್ತದ್ದಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ.

ಬೀಡಿ ಬಿಟ್ಟು ಏಳು ವಾರಗಳಾದ ಮೇಲೆ ಮರುಪರೀಕ್ಷೆ ಮಾಡಿಸಿದೆವು: ಹಿಮೋಗ್ಲೋಬಿನ್ 16.3, ಬಿಳಿ ಕಣಗಳು 9,400. ಇಳಿಯದೇ ಇದ್ದಿದ್ದರೆ ರಕ್ತಕಣಗಳು ತಯಾರಾಗುವ ಮೂಳೆಮಜ್ಜೆಯ ಕಾಯಿಲೆಗಾಗಿ ಪರೀಕ್ಷಿಸಬೇಕಾಗುತ್ತಿತ್ತು ಎಂದು ವೈದ್ಯರು ಹೇಳಿದರು. ಅಪ್ಪಯ್ಯ ಈಗಲೂ ಸಂಜೆ ಜಗಲಿಯಲ್ಲಿ ಕುಳಿತು ಖಾಲಿ ಬೆಂಕಿಪೊಟ್ಟಣವನ್ನು ಬೆರಳಲ್ಲಿ ತಿರುಗಿಸುತ್ತಿರುತ್ತಾರೆ. ಕವಳದ (ಎಲೆ-ಅಡಿಕೆಯ) ಜೊತೆ ಜಗಿಯುವ ತಂಬಾಕನ್ನು ಇನ್ನೂ ಬಿಟ್ಟಿಲ್ಲ. ಅದರಲ್ಲಿ ಹೊಗೆಯಿಲ್ಲವೆಂಬ ಅವರ ವಾದವನ್ನು ವೈದ್ಯರು ಒಪ್ಪಲಿಲ್ಲ. ಮುಂದಿನ ಪರೀಕ್ಷೆ ಮೂರು ತಿಂಗಳ ನಂತರ ಇದೆ.