ಶ್ರೀನಿವಾಸ ನಾಯಕನನ್ನು ಬದಲಿಸಿದ್ದು ಭಕ್ತಿಯಾ, ಮೂಗುತಿಯಾ?

ತಂಬೂರಿ_ತಂತಿ:
ಮಗಳನ್ನು ಸಂಗೀತ ಪಾಠಕ್ಕೆ ಸೇರಿಸಿದೆ. ಮೊದಲ ದಿನವೇ ಮಾಯಾಮಾಳವಗೌಳ ರಾಗದಲ್ಲಿ ಸರಳೆ ವರಸೆ, ಅಂದರೆ ಸ್ವರಗಳ ಮೊದಲ ಅಭ್ಯಾಸ. ಈ ಕ್ರಮ ಹಾಕಿಕೊಟ್ಟವರು ಪುರಂದರದಾಸರು ಅಂತ ಮೇಷ್ಟ್ರು ಹೇಳಿದರು. ಅವರೇ ಒಂದು ಕಾಲಕ್ಕೆ ಒಡವೆ ಅಡವಿಟ್ಟುಕೊಳ್ಳುತ್ತಿದ್ದ ಶ್ರೀನಿವಾಸ ನಾಯಕ! ಮಗನ ಮುಂಜಿಗೆ ಹಣ ಕೇಳಿದ ಬಡವನನ್ನು ಇವತ್ತು ಬಾ, ನಾಳೆ ಬಾ ಅಂತ ಅಲೆಸಿದ್ದ. ಹೆಂಡತಿ ಸರಸ್ವತಿ ಮೂಗುತಿ ಬಿಚ್ಚಿ ಕೊಟ್ಟಳು. ಅದು ಗಂಡನ ಅಂಗಡಿಗೇ ಬಂತು, ಪೆಟ್ಟಿಗೆಯಲ್ಲಿ ಇಟ್ಟದ್ದು ಮಾಯವಾಯಿತು. ಇದ್ದದ್ದೆಲ್ಲ ದಾನ ಮಾಡಿ ಹಂಪಿಗೆ ನಡೆದ, ವ್ಯಾಸರಾಯರ ಶಿಷ್ಯನಾದ. ಭಕ್ತಿ ಮನುಷ್ಯನ ದಾರಿಯನ್ನೇ ಬದಲಿಸುತ್ತೆ ಅನ್ನೋದಕ್ಕೆ ಇನ್ನೇನು ಬೇಕು? ನಮ್ಮ ಚಿಕ್ಕಪ್ಪನೂ ಅಯ್ಯಪ್ಪ ಮಾಲೆ ಹಾಕಿದ ಮೇಲೆ ಕುಡಿತ ಬಿಟ್ಟರು. ಒಂಬತ್ತು ವರ್ಷವಾಯಿತು.

ಲೆಕ್ಕದ_ಪುಸ್ತಕ:
"ಪೆಟ್ಟಿಗೆಯಲ್ಲಿ ಇಟ್ಟದ್ದು ಮಾಯವಾಯಿತು." ನೋಡಿದವರು ಯಾರು? ದಾಸರು ತೀರಿಕೊಂಡದ್ದು 1564ರಲ್ಲಿ. ಅವರನ್ನು ಹಾಡಿ ಹೊಗಳಿದ ವಿಜಯದಾಸರು ಹುಟ್ಟಿದ್ದೇ 1682ರಲ್ಲಿ. ಮಧ್ಯೆ ನೂರು ವರ್ಷಕ್ಕಿಂತ ಜಾಸ್ತಿ. ಇನ್ನು ಮಾಲೆ ವಿಷಯ. ಮಾಲೆ ಬಿಚ್ಚಿದ ಮಾರನೇ ದಿನ ಬಾರಿಗೆ ಹೋದವರನ್ನು ನಮ್ಮ ಬೀದಿಯಲ್ಲೇ ನೋಡಿದ್ದೇನೆ. ವ್ರತದ ಆ 41 ದಿನ ಕುಡಿತ ಬಿಡಿಸಿದ್ದು ಭಕ್ತಿಯಲ್ಲ, ಭಯ.

ತಂಬೂರಿ_ತಂತಿ:
ಭಯ ಅಂತೀರಾ? ಭಯ 41 ದಿನ ಇರಬಹುದು. ಒಂಬತ್ತು ವರ್ಷ ಇರುತ್ತಾ?

ಸರಸ್ವತಿ_ಕಡೆಯವಳು:
"ಭಕ್ತಿ ದಾರಿ ಬದಲಿಸುತ್ತೆ" ಅಂದಿರಿ. ದಾಸರೇ ಹಾಗೆ ಹೇಳಿಲ್ಲವಲ್ಲ! ದಂಡಿಗೆ (ತಂಬೂರಿಯಂಥ ವಾದ್ಯ) ಬೆತ್ತ ಹಿಡಿಯೋದಕ್ಕೆ ನಾಚಿಕೊಳ್ಳುತ್ತಿದ್ದೆ, ಹೆಂಡತಿ ಹಿಡಿಸಿದಳು ಅಂತ ಅವರೇ ಹಾಡಿದ್ದಾರೆ. ಬಡವನಿಗೆ ಕೊಟ್ಟ ದಿನ ನಾಯಕನಿಗೆ ಭಕ್ತಿ ಎಲ್ಲಿತ್ತು? ಕೊಟ್ಟವಳು ಅವಳು.

ಮಲ್ನಾಡ್_ಮಳೆ:
"ಹಂಪಿಗೆ ನಡೆದ" ಅಂತ ಬರೆದಿದ್ದೀರಿ. ಎಲ್ಲಿಂದ ನಡೆದ ಅನ್ನೋದನ್ನೂ ಬರೆಯಿರಿ. ತೀರ್ಥಹಳ್ಳಿ ತಾಲ್ಲೂಕಿನ ಆರಗದಿಂದ.

ಪುಣೆ_ಕನ್ನಡಿಗ:
ಅಲ್ಲ ಸಾರ್. ಪುಣೆ ಹತ್ತಿರದ ಪುರಂದರಗಡದಿಂದ. ಚಿಕ್ಕಂದಿನಿಂದ ಎಲ್ಲರೂ ಓದಿದ್ದು ಅದನ್ನೇ. ಹೆಸರಲ್ಲೇ ಊರಿದೆ.

ಮಲ್ನಾಡ್_ಮಳೆ:
ಹೆಸರಲ್ಲಿ ಊರಾ? ಪುರಂದರ ವಿಠಲ ಅನ್ನೋದು ಗುರುಗಳು ಕೊಟ್ಟ ಅಂಕಿತ, ಹಾಡಿನ ಕೊನೆಯಲ್ಲಿ ಬರುವ ಮುದ್ರೆ. ಅದು ದೇವರ ಹೆಸರು, ಊರಿನ ವಿಳಾಸ ಅಲ್ಲ. ಕರ್ನಾಟಕ ಸರ್ಕಾರ ನೇಮಿಸಿದ ತಜ್ಞರ ಸಮಿತಿ ಆರಗದ ಕಡೆಗೇ ವರದಿ ಕೊಟ್ಟಿದೆ. ಅಷ್ಟು ತಿಳಿಯಾದ ಆಡುಗನ್ನಡ ಪುಣೆ ಬೆಟ್ಟದಲ್ಲಿ ಹುಟ್ಟುತ್ತಾ?

ಪುಣೆ_ಕನ್ನಡಿಗ:
ಯಾಕೆ ಹುಟ್ಟಬಾರದು? ನಾನು ಇಲ್ಲಿ 22 ವರ್ಷದಿಂದ ಇದ್ದೇನೆ, ನನ್ನ ಕನ್ನಡಕ್ಕೆ ಏನಾಗಿದೆ? ಮರಾಠಿ ಸಂತ ಜ್ಞಾನದೇವರೇ ಪಂಢರಪುರದ ವಿಠಲನನ್ನು "ಕಾನಡಾ" (ಕನ್ನಡದವನು) ಅಂತ ಹಾಡಿದ್ದಾರೆ. ಆಗ ಈ ಕಡೆಯೂ ಕನ್ನಡ ಇತ್ತು ಅಂತಲೇ ಅದರ ಅರ್ಥ.

ಮಲ್ನಾಡ್_ಮಳೆ:
ವಿಠಲನೇ ಕನ್ನಡದವನು ಅಂತ ನೀವೇ ಒಪ್ಪಿದಿರಿ. ಮತ್ತೆ ದಾಸರನ್ನು ಯಾಕೆ ಬಿಟ್ಟುಕೊಡುತ್ತೀರಿ?

ಪುಣೆ_ಕನ್ನಡಿಗ:
ಬಿಟ್ಟುಕೊಡೋದು ಅನ್ನೋ ಮಾತು ತೆಗೆದುಕೊಳ್ಳಿ. ಹೊರಗಿರುವ ನಾವು ಕನ್ನಡ ಮಾರಿಕೊಂಡಿಲ್ಲ! ಸಮಿತಿ ಹೇಳಿದ ತಕ್ಷಣ ನೂರಾರು ವರ್ಷದ ನಂಬಿಕೆ ಸುಳ್ಳಾಗುತ್ತಾ?

ಲೆಕ್ಕದ_ಪುಸ್ತಕ:
"ನೂರಾರು ವರ್ಷದ ನಂಬಿಕೆ." ನಂಬಿಕೆ ದಾಖಲೆ ಅಲ್ಲ ಅಂತ ಮೊದಲೇ ಹೇಳಿದೆ. ಊರೇ ಗೊತ್ತಿಲ್ಲದವರ ಮನಸ್ಸು ಯಾವ ಗಳಿಗೆಯಲ್ಲಿ ತಿರುಗಿತು ಅಂತ ಹೇಗೆ ಹೇಳುತ್ತೀರಿ?

ಮಲ್ನಾಡ್_ಮಳೆ:
ಊರು ಗೊತ್ತಿಲ್ಲ ಅಂದವರು ಯಾರು? ಆರಗ.

ಬಾಡದ_ಬೀಸುಗಾಳಿ:
ಒಂದು ಮೂಗುತಿಗೆ ಇಷ್ಟು ಜಗಳ. ನಮ್ಮ ಬಾಡದ ತಿಮ್ಮಪ್ಪ ನಾಯಕ ದಂಡನಾಯಕನಾಗಿದ್ದವನು. ಯುದ್ಧದಲ್ಲಿ ಗಾಯಗೊಂಡು ಬದುಕಿ ಉಳಿದ ಮೇಲೆ ಕತ್ತಿ ಬಿಟ್ಟ, ಕನಕದಾಸನಾದ. ಅಲ್ಲಿ ಭಕ್ತಿ ಅಲ್ಲದೆ ಇನ್ನೇನು?

ಲೆಕ್ಕದ_ಪುಸ್ತಕ:
"ಗಾಯಗೊಂಡು" ಅಂತ ನೀವೇ ಬರೆದಿರಿ. ಸಾವು ಹತ್ತಿರ ಬಂದರೆ ಯಾರಾದರೂ ಬದಲಾಗುತ್ತಾರೆ.

ಬಾಡದ_ಬೀಸುಗಾಳಿ:
ಯಾರಾದರೂ? ಗಾಯಗೊಂಡು ಬದುಕಿದ ಸೈನಿಕರೆಲ್ಲ ದಾಸರಾದರಾ? ಬಾಯಿಗೆ ಬಂದದ್ದು ಬರೆಯಬೇಡಿ.

ತಂಬೂರಿ_ತಂತಿ:
ದಯವಿಟ್ಟು ಊರಿನ ಜಗಳ ಬಿಡಿ. ಕೂಡಿಟ್ಟವನು ಒಂದೇ ಸಲ ಕೊಟ್ಟವನಾದ, ಭಿಕ್ಷೆಯ ಗೋಪಾಳ ಬುಟ್ಟಿ ಹಿಡಿದು ಬೀದಿಯಲ್ಲಿ ಹಾಡಿದ. ನಾನು ಕೇಳಿದ್ದು ಅದನ್ನು.

ಸರಸ್ವತಿ_ಕಡೆಯವಳು:
ಆ ಬುಟ್ಟಿಯನ್ನೂ ಹೆಂಡತಿಯೇ ಹಿಡಿಸಿದಳು, ಅದೇ ಹಾಡಿನಲ್ಲಿದೆ. ನಿಮ್ಮನ್ನು ಒಂದು ಕೇಳಲಾ? ಚಿಕ್ಕಪ್ಪ ಮಾಲೆ ಹಾಕಿದ್ದು ಬರೆದಿರಿ. ಚಿಕ್ಕಮ್ಮ ಏನು ಮಾಡಿದರು?

ತಂಬೂರಿ_ತಂತಿ:
41 ದಿನ ನಸುಕಿನಲ್ಲಿ ಎದ್ದು ಮಡಿಯಲ್ಲಿ ಅಡುಗೆ ಮಾಡಿ ಹಾಕಿದರು. ಮಾಲೆ ಬಿಚ್ಚಿದ ಮೇಲೂ ಒಂದು ವರ್ಷ ಸಂಜೆ ಹೊತ್ತು ಅವರ ಜೊತೆಗೇ ದೇವಸ್ಥಾನಕ್ಕೆ ಹೋಗುತ್ತಿದ್ದರು, ಒಬ್ಬರನ್ನೇ ಕಳಿಸಲಿಲ್ಲ. ಅದನ್ನು ಬರೆಯಬೇಕಿತ್ತು. ಆದರೆ ಹೋಗುತ್ತಿದ್ದದ್ದು ದೇವಸ್ಥಾನಕ್ಕೇ ಅಲ್ವಾ?

ಲೆಕ್ಕದ_ಪುಸ್ತಕ:
"ಒಬ್ಬರನ್ನೇ ಕಳಿಸಲಿಲ್ಲ." ನಾನು ಹೇಳಿದ್ದೂ ಅದೇ. ಕುಡಿತ ಬಿಡಿಸಿದ್ದು ಕಾವಲು.

ಸರಸ್ವತಿ_ಕಡೆಯವಳು:
ಒಂದು ವರ್ಷ ಗಂಡನ ಜೊತೆ ನಡೆದದ್ದನ್ನು ಕಾವಲು ಅಂತ ಕರೆಯುತ್ತೀರಾ? ನಿಮ್ಮ ಜೊತೆ ಮಾತು ಸಾಕು.

ಪುಣೆ_ಕನ್ನಡಿಗ:
ಸಮಿತಿ ವರದಿಯನ್ನು ಪೂರ್ತಿ ಹಾಕಿ, ಓದಿ ಉತ್ತರ ಕೊಡುತ್ತೇನೆ.

ಮಲ್ನಾಡ್_ಮಳೆ:
ಹಾಕುತ್ತೇನೆ. ಮೊದಲು ಪುರಂದರಗಡಕ್ಕೆ ನಿಮ್ಮ ಹತ್ತಿರ ಏನಿದೆ ಅದನ್ನು ತೋರಿಸಿ.