ಮುಂದಿನ ವಾರದಿಂದ ಹೆರಿಗೆ ವಾರ್ಡು, ಆಮೇಲೆ ಮಕ್ಕಳ ವಾರ್ಡು: ಅನುಭವ ಇರುವವರು ಹೇಳಿ

ಕೇಳಿದವರು: ನರ್ಸಿಂಗ್ ಮೂರನೇ ವರ್ಷದ ವಿದ್ಯಾರ್ಥಿನಿ

ನಮಸ್ಕಾರ. ಸೋಮವಾರದಿಂದ ನನಗೆ ಹೆರಿಗೆ ವಾರ್ಡಿನಲ್ಲಿ ಪೋಸ್ಟಿಂಗ್. ಆಮೇಲೆ ಹಸುಗೂಸುಗಳ ಘಟಕ, ಕೊನೆಗೆ ಮಕ್ಕಳ ವಾರ್ಡು. ಪುಸ್ತಕ ಎರಡು ಸಲ ಓದಿದ್ದೇನೆ. ಆದರೂ ಭಯ ಹೋಗಿಲ್ಲ. ದೊಡ್ಡವರ ವಾರ್ಡಿನಲ್ಲಿ ಏನಾದರೂ ಆದರೆ ರೋಗಿಯೇ ಹೇಳುತ್ತಾರೆ. ಇಲ್ಲಿ ಮಗುವಿಗೆ ಹೇಳೋಕೆ ಬರುವುದಿಲ್ಲ. ಬಾಣಂತಿಯರೂ ಎಷ್ಟೋ ಸಲ ಹೇಳಿಕೊಳ್ಳುವುದಿಲ್ಲವಂತೆ. ಪುಸ್ತಕದಲ್ಲಿ ಇದ್ದರೂ ಕೆಲಸ ಮಾಡುವಾಗಲೇ ನಿಮಗೆ ಅರ್ಥವಾದದ್ದು ಯಾವುದು? ಮೊದಲ ದಿನವೇ ಯಾರಾದರೂ ಹೇಳಿದ್ದರೆ ಚೆನ್ನಾಗಿತ್ತು ಅನಿಸಿದ್ದು ಯಾವುದು? ದಯವಿಟ್ಟು ಹೇಳಿ.

ಹೆರಿಗೆ ವಾರ್ಡಿನ ನರ್ಸ್, 16 ವರ್ಷದ ಅನುಭವ

ತಂಗಿ, ಹೆರಿಗೆಯಾದ ಮೇಲೆ ಮೊದಲ ಎರಡು ಗಂಟೆ ಎಲ್ಲರ ಕಣ್ಣೂ ಮಗುವಿನ ಮೇಲೆ. ನಿನ್ನ ಒಂದು ಕೈ ಮಾತ್ರ ತಾಯಿಯ ಹೊಟ್ಟೆ ಮೇಲಿರಲಿ. ಹೊಕ್ಕುಳಿನ ಆಸುಪಾಸು ಗರ್ಭಕೋಶ ಗಟ್ಟಿ ಚೆಂಡಿನ ಹಾಗೆ ಕೈಗೆ ಸಿಗಬೇಕು. ಮೆತ್ತಗಿದ್ದರೆ, ಅಥವಾ ಎಲ್ಲಿದೆ ಅಂತಲೇ ಗೊತ್ತಾಗದಿದ್ದರೆ, ಅದೇ ಮೊದಲ ಎಚ್ಚರಿಕೆ. ಒಂದು ಕೈ ಕೆಳಗೆ ಆಸರೆ ಕೊಡಲಿ, ಇನ್ನೊಂದು ಕೈಯಿಂದ ಮೇಲ್ಭಾಗ ಉಜ್ಜು. ಉಜ್ಜುತ್ತಲೇ ಸಹಾಯಕ್ಕೆ ಕೂಗು. ಗರ್ಭಕೋಶ ಮೇಲೇರಿ ಬಲಗಡೆಗೆ ವಾಲಿದ್ದರೆ ಹೆಚ್ಚಾಗಿ ಮೂತ್ರಕೋಶ ತುಂಬಿರುತ್ತದೆ. ಅದು ಖಾಲಿಯಾಗುವ ತನಕ ಗರ್ಭಕೋಶ ಸರಿಯಾಗಿ ಬಿಗಿಯಾಗುವುದಿಲ್ಲ. ಮಾರನೇ ದಿನದಿಂದ ಅದು ದಿನಕ್ಕೆ ಸುಮಾರು ಒಂದು ಬೆರಳಿನ ಅಗಲ ಇಳಿಯುತ್ತಾ ಹೋಗುತ್ತದೆ. 10ನೇ ದಿನದ ಹೊತ್ತಿಗೆ ಹೊಟ್ಟೆ ಮೇಲಿಂದ ಕೈಗೆ ಸಿಗುವುದಿಲ್ಲ.

ನನ್ನ ಎರಡನೇ ವರ್ಷದಲ್ಲಿ ಆದದ್ದು ಹೇಳುತ್ತೇನೆ. ರಾತ್ರಿ ಡ್ಯೂಟಿ. ಬಾಣಂತಿಯ ಪ್ಯಾಡ್ ನೋಡಿದೆ. ಜಾಸ್ತಿ ರಕ್ತ ಕಾಣಲಿಲ್ಲ. ಬಿಪಿ ಸರಿ ಇತ್ತು. ‘ಸರಿ ಇದೆ’ ಅಂತ ಬರೆದು ಮುಂದಿನ ಬೆಡ್‌ಗೆ ಹೋದೆ. ನಾಡಿ ಮಾತ್ರ 88 ಇದ್ದದ್ದು 116 ಆಗಿತ್ತು. ನೋವಿಗೆ ಇರಬೇಕು ಅಂದುಕೊಂಡೆ. ಹಿರಿಯ ಸಿಸ್ಟರ್ ಬಂದು ಚಾರ್ಟ್ ನೋಡಿದವರೇ ಅವರನ್ನು ಪಕ್ಕಕ್ಕೆ ಹೊರಳಿಸಿದರು. ಬೆನ್ನಿನ ಕೆಳಗೆ ಹಾಸಿಗೆ ಪೂರ್ತಿ ಒದ್ದೆ. ಆ ತಾಯಿ ಉಳಿದರು, ಆದರೆ ನನ್ನ ಕಣ್ಣಿನಿಂದ ಅಲ್ಲ. ಅವತ್ತಿನಿಂದ ಪ್ಯಾಡ್ ನೋಡಿದ ಮೇಲೆ ಸೊಂಟದ ಕೆಳಗೆ ಕೈ ಹಾಕದೆ ನಾನು ಯಾರ ಬೆಡ್ಡನ್ನೂ ಬಿಟ್ಟು ಹೋಗಿಲ್ಲ. ನಾಡಿ ಮೊದಲು ಏರುತ್ತದೆ, ಬಿಪಿ ಬೀಳುವುದು ತೀರಾ ತಡವಾಗಿ. ಒಂದು ಗಂಟೆಯೊಳಗೆ ಒಂದು ಪ್ಯಾಡ್ ಪೂರ್ತಿ ನೆನೆದರೆ ಅದು ಜಾಸ್ತಿ. ಕಾಯಬೇಡ.

ಇನ್ನೊಂದು ವಿಷಯ. ಹೆರಿಗೆ ಆಯಿತು, ಇನ್ನು ಬಿಪಿ ಏರಿ ಬರುವ ಗರ್ಭಿಣಿ ನಂಜಿನ ಭಯ ಇಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡ. ಹೆರಿಗೆಯಾದ ಮೇಲೂ ಫಿಟ್ಸ್ ಬರುತ್ತದೆ. ತಲೆನೋವು, ಕಣ್ಣು ಮಂಜು, ಮೇಲುಹೊಟ್ಟೆ ನೋವು ಅಂದ ತಕ್ಷಣ ಬಿಪಿ ನೋಡು. 140/90 ಅಂದರೆ ಹೇಳಬೇಕು. 160/110 ಅಂದರೆ ಓಡಬೇಕು. ಫಿಟ್ಸ್ ತಡೆಯುವ ಮೆಗ್ನೀಷಿಯಂ ಸಲ್ಫೇಟ್ ನಡೆಯುತ್ತಿದ್ದರೆ ಪ್ರತಿ ಡೋಸ್‌ಗೂ ಮೊದಲು ಮೂರು ನೋಡು: ಮಂಡಿ ತಟ್ಟಿದರೆ ಕಾಲು ಒದೆಯುತ್ತದಾ, ಉಸಿರು ನಿಮಿಷಕ್ಕೆ 16ಕ್ಕಿಂತ ಕಡಿಮೆಯಾಗಿಲ್ಲ ತಾನೇ, ಮೂತ್ರ ಗಂಟೆಗೆ 30 ಮಿ.ಲೀ. ಆದರೂ ಬರುತ್ತಿದೆಯಾ. ಮೆಗ್ನೀಷಿಯಂ ಜಾಸ್ತಿಯಾದರೆ ಕೊಡುವ ಮರುಮದ್ದು ಕ್ಯಾಲ್ಸಿಯಂ ಗ್ಲುಕೋನೇಟ್ ಯಾವ ಡ್ರಾಯರ್‌ನಲ್ಲಿದೆ ಅಂತ ಮೊದಲ ದಿನವೇ ನೋಡಿಟ್ಟುಕೋ.

ನರ್ಸಿಂಗ್ ಪಾಠ ಹೇಳುವವರು

ಮೇಲಿನವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ರಕ್ತ ಎಷ್ಟು ಹೋಯಿತು ಅನ್ನುವುದನ್ನು ಕಣ್ಣಳತೆಯಲ್ಲಿ ಹೇಳಿದರೆ ಬಹುಪಾಲು ಕಡಿಮೆಯೇ ಹೇಳುತ್ತೇವೆ, ಎಷ್ಟು ಅನುಭವ ಇದ್ದರೂ. ಅದಕ್ಕೇ ಸೊಂಟದ ಕೆಳಗೆ ಹಾಸುವ, ಅಳತೆ ಗೆರೆ ಇರುವ ಚೀಲ ಬಂದಿದೆ. ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ಟಾಂಜಾನಿಯಾದಲ್ಲಿ ನಡೆದ ಇ-ಮೋಟಿವ್ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಆ ಚೀಲದಲ್ಲಿ ರಕ್ತ ಅಳೆದು, ಉಜ್ಜುವುದು, ಔಷಧಿ, ಡ್ರಿಪ್, ಪರೀಕ್ಷೆ ಎಲ್ಲವನ್ನೂ ಒಟ್ಟಿಗೆ ಶುರು ಮಾಡಿದ ಕಡೆ ತೀವ್ರ ರಕ್ತಸ್ರಾವ ಮತ್ತು ಅದರಿಂದಾಗುವ ದೊಡ್ಡ ಅನಾಹುತಗಳು ಸುಮಾರು 60% ಕಡಿಮೆಯಾದವು. ನಿಮ್ಮ ವಾರ್ಡಿನಲ್ಲಿ ಆ ಚೀಲ ಇಲ್ಲದಿದ್ದರೆ ನೆನೆದ ಪ್ಯಾಡನ್ನು ತೂಕ ಮಾಡಿ, ಒಣ ಪ್ಯಾಡಿನ ತೂಕ ಕಳೆಯಿರಿ. 1 ಗ್ರಾಂ ಅಂದರೆ ಹೆಚ್ಚುಕಡಿಮೆ 1 ಮಿ.ಲೀ.

ಕೈ ತೊಳೆಯುವುದನ್ನು ನಾನು ಪ್ರತಿ ಬ್ಯಾಚ್‌ಗೂ ಸೆಮ್ಮೆಲ್‌ವೈಸ್ ಅನ್ನುವ ವೈದ್ಯರ ಕತೆಯಿಂದಲೇ ಶುರು ಮಾಡುತ್ತೇನೆ. 1847ರಲ್ಲಿ ವಿಯೆನ್ನಾದಲ್ಲಿ ಅವರು ಕ್ಲೋರಿನ್ ನೀರಿನಲ್ಲಿ ಕೈ ತೊಳೆಯಲು ಹೇಳಿದ ಮೇಲೆ ಬಾಣಂತಿ ಜ್ವರದ ಸಾವು ಒಮ್ಮೆಲೇ ಇಳಿಯಿತು. ಸೂಕ್ಷ್ಮಜೀವಿಗಳಿಂದ ರೋಗ ಬರುತ್ತದೆ ಅಂತ ಜಗತ್ತು ಒಪ್ಪುವುದಕ್ಕೂ ಮೊದಲಿನ ಮಾತು ಅದು.

ಹಸುಗೂಸುಗಳ ಘಟಕದ ನರ್ಸ್

ನನ್ನ ಸರದಿ. ಹುಟ್ಟಿದ ಮಗುವಿನ ಮೊದಲ ಕೆಲಸ ಉಸಿರು, ನಿಮ್ಮ ಮೊದಲ ಕೆಲಸ ಒರೆಸುವುದು. ಬೆಚ್ಚಗಿನ ಬಟ್ಟೆಯಲ್ಲಿ ತಲೆ, ಬೆನ್ನು ಚೆನ್ನಾಗಿ ಒರೆಸಿ, ಆ ಒದ್ದೆ ಬಟ್ಟೆ ತೆಗೆದುಬಿಡಿ. ಎಷ್ಟೋ ಜನ ಒರೆಸಿದ ಒದ್ದೆ ಬಟ್ಟೆಯಲ್ಲೇ ಸುತ್ತಿಬಿಡುತ್ತಾರೆ. ಒರೆಸಿ, ಬೆನ್ನು ಸವರಿದರೂ ಉಸಿರಾಡದಿದ್ದರೆ ಮೊದಲ ನಿಮಿಷದೊಳಗೆ ಬ್ಯಾಗ್ ಮತ್ತು ಮಾಸ್ಕ್‌ನಿಂದ ಉಸಿರು ಕೊಡುವುದು ಶುರುವಾಗಬೇಕು. ಹುಟ್ಟಿದ ಮಗು ಹೇಗಿದೆ ಅಂತ ಅಳೆಯುವ ಅಪ್ಗಾರ್ ಅಂಕ 1ನೇ ಮತ್ತು 5ನೇ ನಿಮಿಷಕ್ಕೆ ಹಾಕುತ್ತೇವೆ. ವರ್ಜೀನಿಯಾ ಅಪ್ಗಾರ್ ಅನ್ನುವ ಅರಿವಳಿಕೆ ವೈದ್ಯೆ 1952ರಲ್ಲಿ ಮಾಡಿದ ಲೆಕ್ಕ ಅದು. ಅಂಕ ಹಾಕುವ ತನಕ ಕೈಕಟ್ಟಿ ನಿಲ್ಲಬಾರದು.

ಮಗು ಚೆನ್ನಾಗಿ ಅತ್ತರೆ ಸೀದಾ ತಾಯಿಯ ಎದೆ ಮೇಲೆ, ಚರ್ಮಕ್ಕೆ ಚರ್ಮ ತಾಗುವ ಹಾಗೆ. ತಲೆಗೆ ಟೋಪಿ, ಇಬ್ಬರ ಮೇಲೂ ಒಂದು ಹೊದಿಕೆ. ಹೊಕ್ಕುಳಬಳ್ಳಿ ಕತ್ತರಿಸಲು ಕನಿಷ್ಠ 1 ನಿಮಿಷ ಕಾಯಬೇಕು, ಅಷ್ಟರಲ್ಲಿ ಮಾಸಿನಿಂದ ಮಗುವಿಗೆ ಇನ್ನಷ್ಟು ರಕ್ತ ಹೋಗುತ್ತದೆ. ಮೊದಲ ಗಂಟೆಯೊಳಗೆ ಎದೆಹಾಲು. ತೂಕ, ಅಳತೆ, ವಿಟಮಿನ್ ಕೆ ಚುಚ್ಚುಮದ್ದು ಇವೆಲ್ಲ ಆ ಗಂಟೆ ಮುಗಿದ ಮೇಲೆ ಮಾಡಬಹುದು. ಸ್ನಾನಕ್ಕೆ 24 ಗಂಟೆ ಕಾಯಿರಿ. ಎದೆ ಮೇಲೆ ಮಲಗಿಸಿ ಹೋಗಿಬಿಡಬೇಡಿ. ಮಗುವಿನ ಮೂಗು ಕಾಣುತ್ತಿರಬೇಕು, ಕತ್ತು ಮಡಚಿರಬಾರದು, ತುಟಿಯ ಬಣ್ಣ ನೋಡುತ್ತಿರಬೇಕು.

ಉಷ್ಣತೆ 36.5ರಿಂದ 37.5 ಡಿಗ್ರಿ ಸೆಲ್ಸಿಯಸ್ ನಡುವೆ ಇರಬೇಕು. ಥರ್ಮಾಮೀಟರ್ ತರುವ ಮೊದಲು ಕೈ ಹಿಂಭಾಗದಿಂದ ಪಾದ ಮುಟ್ಟಿ, ಹೊಟ್ಟೆ ಮುಟ್ಟಿ. ಹೊಟ್ಟೆ ಬೆಚ್ಚಗಿದ್ದು ಪಾದ ತಣ್ಣಗಿದ್ದರೆ ಮಗು ಚಳಿಗೆ ಹೆಣಗುತ್ತಿದೆ. ಎರಡೂ ತಣ್ಣಗಿದ್ದರೆ ತಡವಾಗಿದೆ, ಬೇಗ ಬೆಚ್ಚಗೆ ಮಾಡಿ. ಚಳಿಗೆ ಬಿದ್ದ ಮಗು ಸಕ್ಕರೆಯನ್ನೂ ಆಮ್ಲಜನಕವನ್ನೂ ಬೇಗ ಬೇಗ ಖರ್ಚು ಮಾಡುತ್ತದೆ.

ಉಸಿರನ್ನು ಪೂರ್ತಿ 60 ಸೆಕೆಂಡು ಎಣಿಸಿ. 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವುದು ಇಲ್ಲಿ ನಡೆಯುವುದಿಲ್ಲ. ಹಸುಗೂಸು ಸ್ವಲ್ಪ ಹೊತ್ತು ಬೇಗ ಉಸಿರಾಡಿ, ಕೆಲವು ಸೆಕೆಂಡು ನಿಲ್ಲಿಸಿ, ಮತ್ತೆ ಶುರು ಮಾಡುತ್ತದೆ. ಅದು ಸಹಜ. 20 ಸೆಕೆಂಡು ನಿಂತರೆ, ಅಥವಾ ಅದಕ್ಕಿಂತ ಕಡಿಮೆ ನಿಂತರೂ ಮಗು ನೀಲಿಯಾದರೆ, ಅದು ಸಹಜ ಅಲ್ಲ. 60ಕ್ಕಿಂತ ಜಾಸ್ತಿ ಉಸಿರು, ಎದೆಗೂಡು ಒಳಕ್ಕೆ ಎಳೆಯುವುದು, ಉಸಿರು ಬಿಡುವಾಗ ನರಳುವ ಸದ್ದು ಬಂದರೆ ಯಾರನ್ನಾದರೂ ಕರೆಯಿರಿ. ಹುಟ್ಟಿದ 24 ಗಂಟೆಯೊಳಗೆ ಹಳದಿ ಕಂಡರೂ ಅಷ್ಟೇ, ಅದನ್ನು ‘ಎಲ್ಲ ಮಕ್ಕಳಿಗೂ ಬರುವ ಕಾಮಾಲೆ’ ಅಂತ ಬಿಡಬಾರದು.

ಮಗು ಸುಮ್ನೆ ಮಲಗಿದೆ, ಪಾಪ ಮಲಗಲಿ ಅನ್ನುವ ಮಾತಿಗೆ ನನಗೆ ತುಂಬಾ ಭಯ. ಹಾಲಿಗೆ ಏಳದ, ಎತ್ತಿಕೊಂಡರೆ ಕೈಕಾಲು ಜೋತು ಬೀಳುವ ಮಗು ಒಳ್ಳೆಯ ಮಗು ಅಲ್ಲ, ಸೋತ ಮಗು. ಸೋಂಕು ಇರಬಹುದು, ಸಕ್ಕರೆ ಇಳಿದಿರಬಹುದು. ಹಸುಗೂಸಿಗೆ ಸೋಂಕಾದಾಗ ಜ್ವರವೇ ಬರಬೇಕು ಅಂತಿಲ್ಲ, ಮೈ ತಣ್ಣಗೂ ಆಗಬಹುದು.

ಅವಧಿಗೆ ಮೊದಲು ಹುಟ್ಟಿದ ಮಕ್ಕಳಿಗೆ ಕಾಂಗರೂ ಆರೈಕೆಯನ್ನು, ಅಂದರೆ ಚರ್ಮಕ್ಕೆ ಚರ್ಮ ತಾಗುವ ಹಾಗೆ ಎದೆಗೆ ಕಟ್ಟಿ ಇಟ್ಟುಕೊಳ್ಳುವುದನ್ನು, ಮನಸ್ಸಿಟ್ಟು ಕಲಿಯಿರಿ. 1978ರಲ್ಲಿ ಕೊಲಂಬಿಯಾದ ಬೊಗೋಟದಲ್ಲಿ ಇನ್‌ಕ್ಯುಬೇಟರ್ ಸಾಲದೆ ಶುರುವಾದ ಪದ್ಧತಿ ಇದು. ಈಗ ವಿಶ್ವ ಆರೋಗ್ಯ ಸಂಸ್ಥೆ ಹುಟ್ಟಿದ ಕೂಡಲೇ ಶುರು ಮಾಡಿ ಅನ್ನುತ್ತದೆ. ತಂದೆಯ ಎದೆಯೂ ಆಗುತ್ತದೆ. ಮಾನಿಟರ್‌ನಲ್ಲಿ ಏರುಪೇರು ಆಗುತ್ತಿದ್ದ ಮಗು ತಾಯಿಯ ಎದೆಗೆ ಬಂದು ಹತ್ತು ನಿಮಿಷಕ್ಕೆ ಶಾಂತವಾಗುವುದನ್ನು ನೋಡಿದಾಗ ನನಗೆ ಈಗಲೂ ಕಣ್ಣು ತುಂಬುತ್ತದೆ.

ಎರಡು ಮಕ್ಕಳ ತಾಯಿ

ನಾನು ನರ್ಸ್ ಅಲ್ಲ. ಆದರೂ ಹೇಳಬೇಕು ಅನಿಸಿತು. ಮೊದಲ ಹೆರಿಗೆಯಲ್ಲಿ ಹಾಲು ಕುಡಿಸುವಾಗ ತೊಟ್ಟು ಬಿರಿದು ರಕ್ತ ಬರುತ್ತಿತ್ತು. ಬಂದವರೆಲ್ಲ ‘ಹಾಲು ಬರುತ್ತಿದೆಯಾ?’ ಅಂತ ಕೇಳಿ ಹೋದರು. ಬರುತ್ತಿದೆ ಅಂದೆ. ಮೂರನೇ ದಿನ ಒಬ್ಬ ಸಿಸ್ಟರ್ ಕುರ್ಚಿ ಎಳೆದುಕೊಂಡು ಕೂತು, ಮಗು ಕುಡಿಯುವುದನ್ನು ಪೂರ್ತಿ ನೋಡಿದರು. ಮಗು ಬರೀ ತೊಟ್ಟು ಹಿಡಿದಿತ್ತು. ಬಾಯಿ ದೊಡ್ಡದಾಗಿ ತೆರೆದ ಮೇಲೆ, ತೊಟ್ಟಿನ ಸುತ್ತಲಿನ ಕಪ್ಪು ಭಾಗವೂ ಒಳಗೆ ಹೋಗುವ ಹಾಗೆ ಹಿಡಿಸಿದರು. ಗಲ್ಲ ಎದೆಗೆ ತಾಗಿರಬೇಕು, ಕೆಳತುಟಿ ಹೊರಕ್ಕೆ ಮಡಚಿರಬೇಕು ಅಂದರು. ನೋವು ಅರ್ಧ ಅಲ್ಲೇ ಹೋಯಿತು. ಕೇಳಬೇಡಿ ಅಂತಲ್ಲ, ಕೂತು ನೋಡಿ.

ಆಮೇಲೆ, ‘ನಿನಗೆ ಹೇಗಿದೆ?’ ಅಂತ ತಾಯಿಯನ್ನೂ ಕೇಳಿ. ಮೊದಲ ಕೆಲವು ದಿನ ಸುಮ್ಮಸುಮ್ಮನೆ ಅಳು ಬರುತ್ತದೆ, ಹೋಗುತ್ತದೆ. ನನಗೆ ಹೋಗಲಿಲ್ಲ. ಎರಡು ವಾರ ದಾಟಿದರೂ ಹೋಗದಿದ್ದರೆ ಸಹಾಯ ಬೇಕು ಅಂತ ನನಗೆ ಮೊದಲೇ ಯಾರೂ ಹೇಳಿರಲಿಲ್ಲ.

ಮಕ್ಕಳ ವಾರ್ಡಿನ ನರ್ಸ್

ಈ ಅಮ್ಮ ಹೇಳಿದ ಮಾತನ್ನೇ ಮಕ್ಕಳ ವಾರ್ಡಿಗೂ ತನ್ನಿ. ಮುಟ್ಟುವ ಮೊದಲು ನೋಡಿ. ಬಾಗಿಲ ಹತ್ತಿರವೇ ನಿಂತು ನೋಡಿ: ಮಗು ಆಡುತ್ತಿದೆಯಾ, ಬಣ್ಣ ಹೇಗಿದೆ, ಉಸಿರಿಗೆ ಕಷ್ಟಪಡುತ್ತಿದೆಯಾ. ತಾಯಿಯ ಮಡಿಲಲ್ಲಿ ಶಾಂತವಾಗಿ ಇದ್ದಾಗಲೇ ಉಸಿರು ಎಣಿಸಿ. ಆಮೇಲೆ ಎದೆ ಕೇಳಿ. ಕಿವಿ, ಗಂಟಲು ಕಟ್ಟಕಡೆಗೆ. ಮಗು ಅಳಲು ಶುರು ಮಾಡಿದರೆ ಉಸಿರು, ನಾಡಿ ಎರಡೂ ಲೆಕ್ಕಕ್ಕೆ ಬರುವುದಿಲ್ಲ. ವೇಗದ ಉಸಿರು ಅಂದರೆ 2 ತಿಂಗಳ ಒಳಗೆ 60 ಅಥವಾ ಜಾಸ್ತಿ, 2ರಿಂದ 12 ತಿಂಗಳ ತನಕ 50, 1ರಿಂದ 5 ವರ್ಷದ ತನಕ 40. ಈ ಮೂರು ಸಂಖ್ಯೆ ಬಾಯಿಪಾಠ ಮಾಡಿ.

ಮಕ್ಕಳ ಬಿಪಿ ಕೊನೆಯ ತನಕ ಚೆನ್ನಾಗಿಯೇ ಇರುತ್ತದೆ, ಆಮೇಲೆ ಒಮ್ಮೆಲೇ ಕುಸಿಯುತ್ತದೆ. ಆದ್ದರಿಂದ ಬಿಪಿ ನಂಬಿ ಕೂರಬೇಡಿ. ಎದೆ ಮೇಲೆ ಬೆರಳಿನಿಂದ 5 ಸೆಕೆಂಡು ಒತ್ತಿ ಬಿಡಿ. ಬಣ್ಣ ಮರಳಲು 3 ಸೆಕೆಂಡಿಗಿಂತ ಜಾಸ್ತಿ ಹಿಡಿದರೆ ಹೇಳಿ. ತುಂಬಾ ಹುಷಾರಿಲ್ಲದ ಮಗುವಿನ ನಾಡಿ ನಿಧಾನವಾದರೆ ಸುಧಾರಿಸಿತು ಅಂದುಕೊಳ್ಳಬೇಡಿ. ಮೊದಲು ಉಸಿರಾಟ ನೋಡಿ, ಆಮ್ಲಜನಕ ಸಾಲದೆ ಹಾಗೆ ಆಗುತ್ತದೆ.

ಔಷಧಿಯ ಬಗ್ಗೆ ಜಾಸ್ತಿ ಹೇಳಬೇಕು. ಇಲ್ಲಿ ಪ್ರತಿ ಡೋಸೂ ತೂಕದ ಮೇಲೆ. ತೂಕ ಕೇಳಿ ಬರೆಯಬೇಡಿ, ತೂಗಿ ಬರೆಯಿರಿ, ಕೆ.ಜಿ.ಯಲ್ಲೇ ಬರೆಯಿರಿ. ಒಂದು ಸಲ 0.6 ಮಿ.ಲೀ. ಬದಲು 6 ಮಿ.ಲೀ. ಸಿರಿಂಜ್‌ಗೆ ಎಳೆದಿದ್ದೆ. ಆದೇಶದಲ್ಲಿ ಸೊನ್ನೆ ಹಾಕದೆ ಬರೀ .6 ಅಂತ ಇತ್ತು. ಚುಕ್ಕೆ ನನ್ನ ಕಣ್ಣಿಗೆ ಬೀಳಲಿಲ್ಲ. ಜೊತೆಗಿದ್ದವರು ‘ಇಷ್ಟು ಚಿಕ್ಕ ಮಗುವಿಗೆ ಇಷ್ಟೊಂದಾ?’ ಅಂದರು. ಆ ಒಂದು ಪ್ರಶ್ನೆ ಮಗುವನ್ನು ಉಳಿಸಿತು. ಚುಕ್ಕೆಯ ಮೊದಲು ಸೊನ್ನೆ ಇರಲೇಬೇಕು. 5 ಅಂತ ಬರೆಯುವ ಕಡೆ 5.0 ಅಂತ ಬರೆಯಬಾರದು, ಯಾರಾದರೂ ಅದನ್ನು 50 ಅಂತ ಓದಿಬಿಡುತ್ತಾರೆ. ಲೆಕ್ಕ ಇಬ್ಬರೂ ಬೇರೆ ಬೇರೆ ಮಾಡಿ, ಆಮೇಲೆ ಹೋಲಿಸಿ. ಒಬ್ಬರು ಮಾಡಿದ್ದಕ್ಕೆ ಇನ್ನೊಬ್ಬರು ಸುಮ್ನೆ ಸಹಿ ಹಾಕಿದರೆ ಅದು ಎರಡನೇ ಪರೀಕ್ಷೆ ಅಲ್ಲ. ಬಾಯಿಗೆ ಹಾಕುವ ಔಷಧಿಗೆ ಬಾಯಿಯ ಸಿರಿಂಜೇ ಬಳಸಿ, ಆಗ ಅದು ತಪ್ಪಿ ನರಕ್ಕೆ ಹೋಗುವ ದಾರಿಯೇ ಇರುವುದಿಲ್ಲ.

ಮಗುವಿಗೆ ‘ನೋವಾಗಲ್ಲ’ ಅಂತ ಸುಳ್ಳು ಹೇಳಬೇಡಿ. ‘ಒಂದು ಸಲ ಚುಚ್ಚುತ್ತದೆ, ಮೂರು ಎಣಿಸುವುದರೊಳಗೆ ಮುಗಿಯುತ್ತದೆ, ಅಮ್ಮ ಇಲ್ಲೇ ಇರುತ್ತಾರೆ’ ಅನ್ನಿ. ಹಸುಗೂಸಿಗೆ ಚುಚ್ಚುವಾಗ ಎದೆಹಾಲು ಕುಡಿಯುತ್ತಿದ್ದರೆ ನೋವು ಕಡಿಮೆ. ಮಾತು ಬಾರದ ಮಗುವಿನ ನೋವನ್ನು ಮುಖ, ಕಾಲು, ಚಲನೆ, ಅಳು, ಸಮಾಧಾನ ಮಾಡಿದರೆ ಸುಮ್ಮನಾಗುತ್ತದಾ ಅನ್ನುವ ಐದರಿಂದ ಅಳೆಯುತ್ತೇವೆ. ಒಂದೊಂದಕ್ಕೂ 0ರಿಂದ 2 ಅಂಕ.

ಕೇಳಿದವರು

ಎಲ್ಲರಿಗೂ ತುಂಬಾ ಧನ್ಯವಾದ. ಎಲ್ಲವನ್ನೂ ಬರೆದುಕೊಂಡೆ. ಒಂದೇ ಒಂದು ಅನುಮಾನ. ನನಗೆ ಏನೋ ಸರಿಯಿಲ್ಲ ಅನಿಸುತ್ತದೆ, ಆದರೆ ನಾಡಿ, ಉಸಿರು ಎಲ್ಲ ಸರಿ ಇದೆ. ಆಗ ಡಾಕ್ಟರ್‌ಗೆ ಏನಂತ ಹೇಳಲಿ? ವಿದ್ಯಾರ್ಥಿನಿ ಸುಮ್ನೆ ಹೆದರಿದ್ದಾಳೆ ಅಂದುಕೊಂಡರೆ?

ಮಕ್ಕಳ ವಾರ್ಡಿನ ನರ್ಸ್

ಅಂದುಕೊಳ್ಳಲಿ ಬಿಡಿ. ಮೊದಲು ನಿಮ್ಮ ಜೊತೆಗಿರುವ ಸಿಸ್ಟರ್‌ಗೆ ಹೇಳಿ. ಯಾರ ಮಗು, ಯಾಕೆ ದಾಖಲಾಗಿದೆ, ನೀವು ಏನು ನೋಡಿದಿರಿ, ಈಗ ಏನು ಬೇಕು, ಈ ನಾಲ್ಕೇ ಮಾತು. ‘ಬೆಳಿಗ್ಗೆ ಗಿಲಕಿ ಹಿಡಿಯುತ್ತಿದ್ದ ಮಗು ಈಗ ಕೈ ಚಾಚುತ್ತಿಲ್ಲ, ಆರು ಗಂಟೆಯಿಂದ ಡೈಪರ್ ಒಣಗಿದೆ, ನೀವು ಬಂದು ನೋಡಬೇಕು’ ಅಂದರೆ ಯಾರೂ ನಗುವುದಿಲ್ಲ. ತಾಯಿ ‘ನನ್ನ ಮಗು ಇವತ್ತು ಎಂದಿನ ಹಾಗಿಲ್ಲ’ ಅಂದಿದ್ದರೆ ಆ ಮಾತನ್ನೂ ಹಾಗೇ ಹೇಳಿ, ಚಾರ್ಟ್‌ನಲ್ಲೂ ಬರೆಯಿರಿ.

ಹೆರಿಗೆ ವಾರ್ಡಿನ ನರ್ಸ್

ಸೋಮವಾರಕ್ಕೆ ಸೆಕೆಂಡ್ ಮುಳ್ಳು ಇರುವ ಗಡಿಯಾರ ತಗೊಂಡು ಬಾ ತಂಗಿ, ಕೈಗೆ ಕಟ್ಟಬೇಡ, ಎದೆಗೆ ಪಿನ್ ಮಾಡಿಕೋ. ಉಗುರು ಪೂರ್ತಿ ಕತ್ತರಿಸಿಕೋ. ಬಂದ ಕೂಡಲೇ ಮಗುವಿನ ಬ್ಯಾಗ್ ಮತ್ತು ಮಾಸ್ಕ್ ಎಲ್ಲಿದೆ, ಕೆಲಸ ಮಾಡುತ್ತದಾ ಅಂತ ಒತ್ತಿ ನೋಡು.